ದನದಾಸ್ಪತ್ರೆಯ ಕಂಪ್ಯೂಟರಿಗೆ ಎರಡು ಲಸಿಕೆ

ನಾನು ದನದ ಡಾಕ್ಟರು. ರಾಮಾಪುರದಿಂದಾಚೆ, ಕಾಡಂಚಿನ ಒಂದು ಹಳ್ಳಿಯಲ್ಲಿ, ಎರಡು ಕೋಣೆಯ ದನದಾಸ್ಪತ್ರೆಯಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಜೊತೆಗಿದ್ದವರು ಒಬ್ಬರೇ ಕಾಂಪೌಂಡರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಎಂಥ ಒದೆಯುವ ಹಸುವನ್ನೂ ಕಿವಿಯ ಹಿಂದೆ ತುರಿಸಿ ನಿಲ್ಲಿಸಬಲ್ಲವರು, ಕಂಪ್ಯೂಟರ್ ಕಂಡರೆ ಮಾತ್ರ ಎರಡು ಮಾರು ದೂರ ನಿಲ್ಲುತ್ತಿದ್ದರು.

ಆ ಕಂಪ್ಯೂಟರು ಇನ್ಯಾವುದೋ ಕಚೇರಿಗೆ ಹೊಸದು ಬಂದಾಗ ನಮಗೆ ಇಳಿದು ಬಂದದ್ದು. ಬೆಳಿಗ್ಗೆ ಸ್ವಿಚ್ ಒತ್ತಿ, ಎರಡು ಹಸು ನೋಡಿ, ಕೈ ತೊಳೆದುಕೊಂಡು ಬರುವ ಹೊತ್ತಿಗೆ ಪರದೆ ಕಣ್ಣು ಬಿಡುತ್ತಿತ್ತು. ಲಸಿಕೆ ಹಾಕಿದ ದನಗಳ ಕಿವಿಯೋಲೆಯ ನಂಬರುಗಳೆಲ್ಲ ಅದರಲ್ಲೇ ಇದ್ದವು. ಪ್ರಿಂಟರ್ ಕೆಟ್ಟು ಕೂತಿದ್ದರಿಂದ ತಿಂಗಳಿಗೊಮ್ಮೆ ಪಟ್ಟಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಕೊಳ್ಳೇಗಾಲಕ್ಕೆ ಹೋಗಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಿದ್ದೆ. ಊರವರ ಪೆನ್ ಡ್ರೈವನ್ನೆಲ್ಲ ಚುಚ್ಚಿ ಕೀಳುವ ಜಾಗ ಅದು.

ಒಂದು ಸಲ ಹಾಗೆ ಹೋಗಿ ಬಂದು ಪೆನ್ ಡ್ರೈವ್ ಹಾಕಿದೆ ನೋಡಿ, ನನ್ನ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಹೆಸರಿನ ಶಾರ್ಟ್‌ಕಟ್ ಚಿತ್ರಗಳು ಮಾತ್ರ ಉಳಿದವು. ಯಾವುದನ್ನು ಒತ್ತಿದರೂ ರಮ್ಮಿ ಆಡಲು ಕರೆಯುವ ಜಾಹೀರಾತು ತೆರೆದುಕೊಳ್ಳುತ್ತಿತ್ತು. ಗಾಬರಿಯಾಗಿ, ಮೊಬೈಲಿನಿಂದ ನೆಟ್ ಕೊಟ್ಟು, ಪುಕ್ಕಟೆ ಸಿಗುವ ಒಂದು ಆಂಟಿವೈರಸ್ ಹಾಕಿದೆ. ಅದು ಮಾತಾಡುವ ಜಾತಿಯದು. ಏನಾದರೂ ಸಿಕ್ಕಿದ ಕೂಡಲೇ ಹೆಣ್ಣುದನಿಯಲ್ಲಿ, ಇಂಗ್ಲಿಷಿನಲ್ಲಿ, ವೈರಸ್ ಪತ್ತೆಯಾಗಿದೆ ಎಂದು ಗಂಭೀರವಾಗಿ ಹೇಳುತ್ತಿತ್ತು. ಫೋಲ್ಡರುಗಳು ವಾಪಸು ಬಂದವು. ರಮ್ಮಿ ಹೋಗಲಿಲ್ಲ.

ಕಾಂಪೌಂಡರು ದೂರದಿಂದಲೇ ಇಣುಕಿ ಹೇಳಿದರು: “ಮೇಡಮ್, ಒಂದ್ ಡೋಸ್‌ಗೆ ನಿಲ್ನಿಲ್ಲ ಅಂದ್ರೆ ಇನ್ನೊಂದ್ ಕೊಟ್ಬುಡಿ. ನಾವು ಬೂಸ್ಟರ್ ಕೊಡಕಿಲ್ವಾ?”

ನನಗೂ ಸರಿಯೆನಿಸಿತು. ಜಾಹೀರಾತಿನ ಹುಳಗಳನ್ನು ಹುಡುಕಿ ತೆಗೆಯುತ್ತದೆಂದು ಹೆಸರಾದ ಇನ್ನೊಂದು ಪ್ರೋಗ್ರಾಮನ್ನೂ ಹಾಕಿದೆ. ಅಂದಿನಿಂದ ಕಂಪ್ಯೂಟರು ಎರಡಲ್ಲ, ನಾಲ್ಕು ಹಸು ನೋಡಿ ಬಂದರೂ ಏಳುತ್ತಿರಲಿಲ್ಲ. ಎರಡನೆಯದು ಒಂದು ವೈರಸ್ ಹಿಡಿದು ತನ್ನ ಪೆಟ್ಟಿಗೆಯಲ್ಲಿ ಕೂಡಿಹಾಕಿದರೆ, ಮೊದಲನೆಯದು ಆ ಪೆಟ್ಟಿಗೆಯನ್ನು ಮೂಸಿ, ಇಲ್ಲಿ ವೈರಸ್ ಇದೆ ಎಂದು ಬೊಬ್ಬೆ ಹಾಕಿ ತನ್ನ ಪೆಟ್ಟಿಗೆಗೆ ಎಳೆದುಕೊಳ್ಳುತ್ತಿತ್ತು. ಆಗ ಎರಡನೆಯದು ಮೊದಲನೆಯದರ ಮೇಲೆಯೇ ಅನುಮಾನ ಪಡುತ್ತಿತ್ತು. ಇವುಗಳ ಜಗಳದ ನಡುವೆ ರಮ್ಮಿಯ ಜಾಹೀರಾತು ನಿಶ್ಚಿಂತೆಯಿಂದ ಬಂದು ಹೋಗುತ್ತಿತ್ತು.

ಕಾಲುಬಾಯಿ ಜ್ವರದ ಲಸಿಕೆ ಶಿಬಿರದ ಹಿಂದಿನ ದಿನ. ನಮ್ಮ ಆಸ್ಪತ್ರೆಯ ಸೂರಿನ ಮೇಲೊಂದು ಮೈಕಿನ ಹಾರನ್ ಇತ್ತು. ಕಂಪ್ಯೂಟರಿನಿಂದ ಅದಕ್ಕೊಂದು ವೈರು. ಪ್ರಚಾರದ ಮಾತನ್ನು ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದರಿಂದ ಗಂಟಲು ಹರಿದುಕೊಳ್ಳುವ ಕೆಲಸ ತಪ್ಪಿತ್ತು. ಬೆಳಿಗ್ಗೆ ಕಾಂಪೌಂಡರು ಆಂಪ್ಲಿಫೈಯರ್ ಆನ್ ಮಾಡಿದರು, ನಾನು ಅದನ್ನು ಮೂರು ಸಲ ಹಾಕಿದೆ. ಆಮೇಲೆ ಅವರು ಐಸ್ ಪೆಟ್ಟಿಗೆ ಹಿಡಿದು ಲಸಿಕೆ ತರಲು ಹನೂರಿನ ಬಸ್ಸು ಹತ್ತಿದರು. ನನಗೆ ಒಡೆಯರಪಾಳ್ಯದ ಕಡೆಯಿಂದ ಕರೆ ಬಂತು, ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡಲಾಗಿದೆಯೆಂದು. ಹೋಗುವ ಮೊದಲು, ಹೇಗೂ ಮಧ್ಯಾಹ್ನದವರೆಗೆ ಯಾರೂ ಮುಟ್ಟುವುದಿಲ್ಲವಲ್ಲ ಎಂದು, ಎರಡೂ ಪ್ರೋಗ್ರಾಮಿಗೆ ಇಡೀ ಕಂಪ್ಯೂಟರನ್ನು ಜಾಲಾಡಲು ಹಚ್ಚಿ ಬಾಗಿಲಿಗೆ ಬೀಗ ಹಾಕಿದೆ. ಆಂಪ್ಲಿಫೈಯರ್ ಆಫ್ ಆಗಿಲ್ಲವೆಂಬುದನ್ನು ಅವರೂ ನೋಡಿರಲಿಲ್ಲ, ನಾನೂ ನೋಡಲಿಲ್ಲ.

ಕರು ಬದುಕಿತು, ಹಸುವೂ ಬದುಕಿತು. ಸಂತೋಷದಿಂದ ಸ್ಕೂಟರಿನಲ್ಲಿ ವಾಪಸು ಬರುವಾಗ ಎರಡು ಗಂಟೆಯಾಗಿತ್ತು. ಊರ ಹೊರಗಿನ ಬಯಲಿನಲ್ಲಿ ಒಂದು ದನವೂ ಇರಲಿಲ್ಲ. ಕೊಟ್ಟಿಗೆಗಳ ಮುಂದೆಲ್ಲ ಸುಣ್ಣದ ಪುಡಿ ಚೆಲ್ಲಿದ್ದರು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಆಸ್ಪತ್ರೆಯಿಂದ ಹತ್ತು ಮಾರು ದೂರದಲ್ಲಿ ಜನ ಗುಂಪುಗೂಡಿ ನಿಂತಿದ್ದರು. ಸೂರಿನ ಮೇಲಿಂದ ಆ ಇಂಗ್ಲಿಷ್ ಹೆಂಗಸು, ವೈರಸ್ ಪತ್ತೆಯಾಗಿದೆ, ವೈರಸ್ ಪತ್ತೆಯಾಗಿದೆ ಎಂದು ಇಡೀ ಊರಿಗೆ ಸಾರುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಅವತ್ತು ಹೋಗಿರಲಿಲ್ಲ. ಅವಳ ಮಾತಿನಲ್ಲಿ ಊರಿಗೆ ಅರ್ಥವಾದದ್ದು ಒಂದೇ ಪದ. ಅದು ಸಾಕಾಗಿತ್ತು.

ಒಳಗೆ ಓಡಿ ಆಂಪ್ಲಿಫೈಯರ್ ಆರಿಸಿ ಹೊರಗೆ ಬಂದೆ. ಗುಂಪಿನ ಮುಂದೆ ನಿಂತಿದ್ದವಳು ನಾಲ್ಕು ಸೀಮೆಹಸು ಕಟ್ಟಿದ್ದ ಒಬ್ಬ ಅಜ್ಜಿ. ಡೇರಿಗೆ ಹೆಚ್ಚು ಹಾಲು ಹಾಕುವವಳೂ ಅವಳೇ, ಹೆಚ್ಚು ಪ್ರಶ್ನೆ ಕೇಳುವವಳೂ ಅವಳೇ.

“ಯಾವ ಕೇರಿ ದನಕ್ ಬಂದದೆ ಏಳ್ಬುಡಿ ಡಾಕ್ಟ್ರಮ್ಮ. ಬೆಳಗ್ಗಿಂದ ಬಡ್ಕತಾ ಅವ್ಳೆ, ಯಾರ್ ಮನೇದು ಅಂತ ಮಾತ್ರ ಏಳ್ನಿಲ್ಲ.”

“ದನಕ್ಕೆ ಏನೂ ಬಂದಿಲ್ಲ ಅಜ್ಜಿ. ವೈರಸ್ ಬಂದಿರೋದು ಕಂಪ್ಯೂಟರಿಗೆ.”

ಇದು ಸಮಾಧಾನವೋ ಇನ್ನೂ ದೊಡ್ಡ ಕೆಟ್ಟ ಸುದ್ದಿಯೋ ಯಾರಿಗೂ ತಿಳಿಯಲಿಲ್ಲ.

“ಎಲ್ಲಿಂದ ಬಂತು?” ಎಂದಳು ಅಜ್ಜಿ.

“ಕೊಳ್ಳೇಗಾಲದಿಂದ. ಪೆನ್ ಡ್ರೈವಲ್ಲಿ.” ನಾನು ಜೇಬಿನಿಂದ ಅದನ್ನು ತೆಗೆದು ತೋರಿಸಿದೆ. ಮುಂದಿನ ಸಾಲಿನವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಸರಿಯಲಿಲ್ಲ.

“ಇದ್ನ ಅಲ್ಲಿ ಊರೋರ್ದುಕ್ಕೆಲ್ಲ ಚುಚ್ಚೋ ಮಿಶಿನ್‌ಗೆ ಚುಚ್ಚಿ, ಅಂಗೇ ತಂದು ಇಲ್ಲಿಗೆ ಚುಚ್ಚುದ್ರಾ? ಒಂದ್ ಹಸಕ್ಕೊಂದ್ ಸೂಜಿ ಅಂತ ನಮ್ಗೆ ಏಳ್ಕೊಟ್ಟೋರು ಯಾರು?”

“ನಾನೇ.”

“ಮದ್ದು ಕೊಟ್ರಾ?”

“ಕೊಟ್ಟೆ. ಎರಡು ಥರದ್ದು.”

“ಎಲ್ಡೂ ಒಟ್ಗೇ?”

ತಲೆಯಾಡಿಸಿದೆ. ಅಜ್ಜಿ ಹಿಂದಕ್ಕೆ ತಿರುಗಿ ಜನರತ್ತ ನೋಡಿದಳು. ಹಿಂದಿನ ಮಳೆಗಾಲದಲ್ಲಿ ನಾಟಿ ಔಷಧವನ್ನೂ ನನ್ನ ಮಾತ್ರೆಯನ್ನೂ ಒಟ್ಟಿಗೆ ತಿನ್ನಿಸಿದಳೆಂದು ಇದೇ ಅಂಗಳದಲ್ಲಿ ಅವಳನ್ನು ಎಲ್ಲರೆದುರು ಗದರಿಸಿದ್ದೆ. ಈಗ ಅವಳು ಗದರಿಸಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಅಷ್ಟರಲ್ಲಿ ಡೇರಿಯವರು ಬಂದು, ಡಾಕ್ಟರು ಖಾತ್ರಿ ಕೊಡುವ ತನಕ ಸಂಜೆಯ ಹಾಲು ತೆಗೆದುಕೊಳ್ಳುವುದಿಲ್ಲ ಎಂದರು. ಅಜ್ಜಿ ತೀರ್ಪು ಕೊಟ್ಟಳು: “ಮೊದ್ಲು ಅದ್ನ ವಾಸಿ ಮಾಡಿ. ನಾನ್ ಕಣ್ಣಾರೆ ನೋಡ್ಬೇಕು. ಆಮ್ಯಾಕೆ ಹಾಲು, ಆಮ್ಯಾಕೆ ನಾಳೆ ದನ.”

ಕೊಳ್ಳೇಗಾಲದ ಕಂಪ್ಯೂಟರ್ ರಿಪೇರಿಯವನೊಬ್ಬನಿಗೆ ಫೋನ್ ಮಾಡಿ, ಅಜ್ಜಿಯ ಅಪ್ಪಣೆಯಂತೆ ಸ್ಪೀಕರ್ ಹಾಕಿದೆ. ಅವನು ಎಲ್ಲ ಕೇಳಿ ನಿಟ್ಟುಸಿರು ಬಿಟ್ಟ.

“ಮೇಡಮ್, ಅದು ಮುದ್ಕ ಮಿಶಿನ್ನು. ಇಬ್ರು ಕಾವಲುಗಾರ್ರನ್ನ ಹೊರೋ ತಾಕತ್ತು ಅದಕ್ಕಿಲ್ಲ. ಮೊದ್ಲನೇದು ಕಾವಲು ಕಾಯ್ಲಿ. ಎರಡ್ನೇದ್ರ ಸೆಟ್ಟಿಂಗ್‌ಗೆ ಓಗಿ, ಕಾಯೋ ಕೆಲ್ಸ ಆಫ್ ಮಾಡಿ. ಯಾವಾಗ್ಲಾದ್ರೂ ನೀವೇ ಕರ್ದಾಗ ಮಾತ್ರ ಬಂದು ನೋಡ್ಬುಟ್ಟು ಓಗ್ಲಿ. ಇವ್ರ ಪೆಟ್ಟಿಗೆ ಅವ್ರು ಮುಟ್ಬಾರ್ದು ಅಂತನೂ ಸೆಟ್ಟಿಂಗ್‌ನಲ್ಲಿ ಹಾಕಿಡಿ.”

“ಇರೋರ್ ಪೈಕಿ ಇವ್ನೇ ಬುದ್ವಂತ” ಎಂದಳು ಅಜ್ಜಿ, ಫೋನಿನತ್ತ ಕೈ ತೋರಿಸಿ.

ಅವಳು ಸ್ಟೂಲಿನ ಮೇಲೆ ಕೂತಳು. ಕಿಟಕಿಯ ಸರಳುಗಳ ನಡುವೆ ಏಳೆಂಟು ಮುಖಗಳು. ನಾನು ಎರಡನೆಯದರ ಕಾವಲು ಆಫ್ ಮಾಡಲು ಒತ್ತಿದೆ. ನಿಜವಾಗಿಯೂ ಬೇಕೇ ಎಂದು ಕೇಳಿತು. ಹೌದೆಂದೆ. ಇದರಿಂದ ಅಪಾಯವಿದೆ, ಆದರೂ ಬೇಕೇ ಎಂದಿತು. ಕನ್ನಡದಲ್ಲಿ ಓದಿ ಹೇಳಿದ್ದೇ ತಪ್ಪಾಯಿತು. ಕಿಟಕಿಯಲ್ಲಿ ಗುಸುಗುಸು ಶುರುವಾಯಿತು.

“ಒತ್ತಿ, ಒತ್ತಿ,” ಎಂದಳು ಅಜ್ಜಿ. “ಕೆಲ್ಸ ಕಳ್ಕಳೋನು ಇನ್ನೇನ್ ಅಂದಾನು?”

ಆಮೇಲೆ ಒಂದೊಂದನ್ನೇ ಬೇರೆ ಬೇರೆಯಾಗಿ ಓಡಿಸಿದೆ. ಕೆಲಸ ಎಷ್ಟು ಮುಗಿಯಿತೆಂದು ಪರದೆಯಲ್ಲಿ ತೋರಿಸುವ ಗೀಟು ಶೇಕಡಾ ತೊಂಬತ್ತೊಂಬತ್ತಕ್ಕೆ ಬಂದು ಅಲ್ಲೇ ಕೂತುಬಿಟ್ಟಿತು. ಅಜ್ಜಿ ಮಡಿಲಿನಿಂದ ಎಲೆ ಅಡಿಕೆ ತೆಗೆದು ಹಾಕಿಕೊಂಡು, ಹೆರಿಗೆಯಲ್ಲೂ ಕೊನೆಯದೇ ತಡ ಎಂದಳು. ಬೆಳಿಗ್ಗೆ ತಾನೇ ಅದನ್ನು ಕಂಡು ಬಂದಿದ್ದ ನಾನು ಒಪ್ಪಿಕೊಂಡೆ. ನಾಲ್ಕೂವರೆಗೆ ಗೀಟು ತುಂಬಿತು. ಹಿಡಿದದ್ದನ್ನೆಲ್ಲ ಅಳಿಸಿದೆ, ಮತ್ತೆ ಚಾಲೂ ಮಾಡಿದೆ. ರಮ್ಮಿ ಬರಲಿಲ್ಲ.

“ವಾಸಿಯಾಯ್ತು” ಎಂದೆ. ಕಿಟಕಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಅಜ್ಜಿ ಏಳಲಿಲ್ಲ. “ಕಾಯ್ಲೆ ಬಂತು ಅಂತ ಮೈಕಲ್ಲಿ ಸಾರುದ್ರಿ. ವಾಸಿಯಾಯ್ತು ಅಂತ ನಾವು ಮನೆಮನೆಗೋಗಿ ಏಳ್ಬೇಕಾ?”

ಐದು ವರ್ಷ ಪಶುವೈದ್ಯಕೀಯ ಓದಿದವಳು ನಾನು. ಮೈಕು ಕೈಗೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದೆ: “ಗ್ರಾಮಸ್ಥರಲ್ಲಿ ವಿನಂತಿ. ನಮ್ಮ ಆಸ್ಪತ್ರೆಯ ಕಂಪ್ಯೂಟರಿಗೆ ತಗುಲಿದ್ದ ಸೋಂಕು ಸಂಪೂರ್ಣ ಗುಣವಾಗಿದೆ. ದನಕರುಗಳಿಗೆ ಯಾವ ತೊಂದರೆಯೂ ಇಲ್ಲ. ಹಾಲನ್ನು ಡೇರಿಗೆ ಹಾಕಬಹುದು.” ಅಜ್ಜಿ ಬೆರಳೆತ್ತಿ ತೋರಿಸಿದಳು. ಇನ್ನೂ ಎರಡು ಸಲ ಹೇಳಿದೆ. ಹನೂರಿನ ಬಸ್ಸಿಳಿದು ಐಸ್ ಪೆಟ್ಟಿಗೆ ಹೊತ್ತು ಬರುತ್ತಿದ್ದ ಕಾಂಪೌಂಡರು ದಾರಿಯಲ್ಲೇ ಪೆಟ್ಟಿಗೆ ಇಳಿಸಿ, ಹಾರನ್ನಿನತ್ತ ನೋಡುತ್ತ ನಿಂತುಬಿಟ್ಟರಂತೆ.

ಮಾರನೆಯ ದಿನದ ಶಿಬಿರದಲ್ಲಿ ನಮ್ಮ ಊರಿನ ದನಗಳು ಎಂದಿನಂತೆ ಬಂದವು. ಆದರೆ ಅಕ್ಕಪಕ್ಕದ ಹಳ್ಳಿಗಳಿಗೆ ತಲುಪಿದ್ದು ಬೆಳಗಿನ ಸುದ್ದಿ ಮಾತ್ರ. ಸಂಜೆಯ ಸುದ್ದಿ ಅಲ್ಲಿಗೆ ಹೋಗಿರಲಿಲ್ಲ. ಎಷ್ಟು ಕರೆದರೂ ಲಸಿಕೆಗೆ ಬಾರದಿದ್ದವರೆಲ್ಲ ಎತ್ತು, ಎಮ್ಮೆ, ಕರು ಹೊಡೆದುಕೊಂಡು ಬಂದು ರಸ್ತೆಯ ತನಕ ಸಾಲು ನಿಂತಿದ್ದರು. ತಂದ ಲಸಿಕೆ ಹನ್ನೊಂದು ಗಂಟೆಗೇ ಮುಗಿದು, ಕಾಂಪೌಂಡರು ಮತ್ತೆ ಹನೂರಿಗೆ ಓಡಿದರು. ನಿಜ ಏನೆಂದು ಸಾಲಿನವರಿಗೆ ಹೇಳಬೇಕಿತ್ತು. ಲಸಿಕೆ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಒಬ್ಬ ಮುದುಕ ಒಂದು ಹೋತವನ್ನು ಹಗ್ಗದಲ್ಲಿ ಹಿಡಿದು ಬೇವಿನ ಮರದಡಿ ನಿಂತೇ ಇದ್ದ. ಕಾಡಿನ ಆ ಬದಿಯ ಊರಿನಿಂದ ನಸುಕಿಗೇ ಹೊರಟವನಂತೆ. ಏನಾಗಿದೆ ಎಂದು ಕೇಳಿದೆ.

“ಏನೂ ಆಗಿಲ್ಲ ಕಣವ್ವ. ನೆನ್ನೆ ಸಂಜೆ ನಿಮ್ಮೂರಿಂದ ಬಂದೋರು ಕಾಯ್ಲೆ ಕಂಪ್ಯೂಟರ್ದು ಅಂದ್ರು. ಇದು ಮೊನ್ನೆ ಒಂದ್ ಮೊಬೈಲ್ ತಿಂದ್ಬುಡ್ತು.”

ನಾನು ಸ್ಟೆಥಾಸ್ಕೋಪ್ ಇಟ್ಟು ಕೇಳಿದೆ. ಹೊಟ್ಟೆ ಒತ್ತಿ ನೋಡಿದೆ. ಬಾಯಿ ತೆರೆಸಿದೆ. ಕೊನೆಗೆ ತಿಳಿದದ್ದು, ತಿಂದದ್ದು ಮೊಬೈಲಿನ ರಟ್ಟಿನ ಡಬ್ಬಿಯನ್ನಷ್ಟೇ ಎಂದು. ಜಂತುಹುಳದ ಔಷಧ ಕುಡಿಸಿ ಕಳಿಸಿದೆ.