ಹದಿನಾರು ಇಂಚಿನ ಜಾಗ

೧೯೯೮ರ ಡಿಸೆಂಬರ್ ಹನ್ನೆರಡು, ಶನಿವಾರ, ಮಧ್ಯಾಹ್ನ ಹನ್ನೆರಡೂವರೆ. ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಯ ಹಾಲ್. ಅಲ್ಲಿದ್ದವರು ನಾನು, ಆ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ನನ್ನ ಮಗಳು, ಒಂಬತ್ತನೇ ತರಗತಿಯ ಎಂಟು ಹುಡುಗಿಯರು.

ಸೋಮವಾರ ಶಾಲೆಯ ವಸ್ತುಪ್ರದರ್ಶನ. ಮಗಳ ವಿಷಯ ಆಫ್ರಿಕಾದ ಗುಲಾಮರ ವ್ಯಾಪಾರ. ಪೋರ್ಚುಗೀಸರು ಮೊದಲು ಬಂದದ್ದು, ಡಚ್ಚರೂ ಇಂಗ್ಲಿಷರೂ ಕರಾವಳಿಯಲ್ಲಿ ಕೋಟೆ ಕಟ್ಟಿದ್ದು, ಬಂದೂಕು, ಮಣಿಸರ, ನಮ್ಮ ದೇಶದ ಹತ್ತಿಬಟ್ಟೆಯನ್ನೂ ಕೊಟ್ಟು ಮನುಷ್ಯರನ್ನು ಕೊಂಡದ್ದು, ಎಲ್ಲವೂ ಗೋಡೆಯ ಚಾರ್ಟುಗಳಲ್ಲಿತ್ತು. ನೆಲದ ಮೇಲೆ ಹಡಗಿನ ಒಳಗಿನ ಜಾಗವನ್ನು ನಿಜ ಅಳತೆಯಲ್ಲಿ ಬರೆಯುವ ಕೆಲಸ ನನ್ನದು. ಅದಕ್ಕೆಂದೇ ಭದ್ರಾವತಿಯ ನ್ಯೂ ಟೌನಿನಿಂದ ಬಸ್ಸು ಹತ್ತಿ ಬಂದಿದ್ದೆ. ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಎರಕದ ಮರದ ಅಚ್ಚು ಮಾಡಿ ನಿವೃತ್ತನಾದವನು ನಾನು. ಅಳತೆ ಎಂದರೆ ನನಗೆ ಎರಡು ಮಾತಿಲ್ಲ.

ಮಗಳು ಕೊಟ್ಟ ಪುಸ್ತಕದಿಂದ ಎಲ್ಲರಿಗೂ ಕೇಳುವಂತೆ ಓದಿದೆ: ಒಬ್ಬ ಗಂಡಸಿಗೆ ಆರಡಿ ಉದ್ದ, ಹದಿನಾರು ಇಂಚು ಅಗಲ. ಎಂಟು ಜಾಗಗಳ ಒಂದು ಸಾಲನ್ನು ಸೀಮೆಸುಣ್ಣದಲ್ಲಿ ಎಳೆದೆ.

"ಮಧ್ಯದ್ದರಲ್ಲಿ ನೀನು ಮಲಗು ಕಣೆ," ಎಂದು ಮಗಳು ಒಬ್ಬ ಹುಡುಗಿಗೆ ಹೇಳಿದಳು. "ಸೋಮವಾರ ಇಡೀ ದಿನ ನೀನೇ. ನಿನ್ನ ತರ ಕೂದಲು ಇನ್ಯಾರಿಗಿದೆ? ನಿಮ್ಮ ಮುತ್ತಜ್ಜಂದಿರು ಹಿಂಗೇ ಬಂದಿದ್ದು."

ಆ ಹುಡುಗಿ ಯಲ್ಲಾಪುರದ ಕಡೆಯ ಸಿದ್ದಿ. ಅವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದರೆಂದೂ ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರೆಂದೂ ಹೇಳುತ್ತಾರೆ. ಓಟದ ಪಂದ್ಯಗಳಲ್ಲಿ ಚೆನ್ನಾಗಿ ಓಡುತ್ತಿದ್ದಳು. ಅವಳಿಗೆ ಹಾಸ್ಟೆಲಿನಲ್ಲಿ ಜಾಗ ಕೊಡಿಸಿದವಳು ನನ್ನ ಮಗಳೇ.

"ನಮ್ಮಜ್ಜ ಜೇನು ಕೀಳ್ತಿದ್ದ ಮೇಡಂ. ಹಡಗು ನೋಡಿಲ್ಲ," ಎಂದಳು.

ಉಳಿದವರು ನಕ್ಕರು. ಮಗಳೂ ನಕ್ಕಳು. ಹುಡುಗಿ ಮಲಗಿದಳು.

ಮಗಳು ಬಣ್ಣದ ಡಬ್ಬಿ ತರಲು ಸ್ಟಾಫ್ ರೂಮಿಗೆ ಹೋದಾಗ ಹುಡುಗಿ ಮಲಗಿದಲ್ಲಿಂದಲೇ ನನ್ನ ಪಂಚೆಯ ಅಂಚು ಎಳೆದಳು.

"ತಾತ, ನಾನಿದರಲ್ಲಿ ಹಿಡಿಯಲ್ಲ ಅಂತ ಹೇಳಿಬಿಡಿ. ನೀವು ಹೇಳಿದ್ರೆ ಕೇಳ್ತಾರೆ."

"ಯಾಕೆ, ಮೇಡಂಗೆ ನೀನೇ ಹೇಳು."

"ಹಾಸ್ಟೆಲ್ ಫಾರಂಗೆ ಅವ್ರೇ ಸೈನ್ ಹಾಕೋದು. ಸೋಮವಾರ ಊರೆಲ್ಲ ಬಂದು ನೋಡ್ತಾರೆ. ಮಂಗಳವಾರದಿಂದ ಎಲ್ರೂ ನನ್ನ ಗುಲಾಮಿ ಅಂತಾರೆ."

ನಾನು ಬಗ್ಗಿ ಅವಳ ಭುಜದ ಮೇಲೆ ಸ್ಕೇಲ್ ಇಟ್ಟೆ. ಆಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಕರಗಿದ ಉಕ್ಕು ಆರುವಾಗ ಕುಗ್ಗುತ್ತದೆ. ಅದಕ್ಕಾಗಿ ಅಚ್ಚು ಮಾಡುವವರ ಸ್ಕೇಲಿನಲ್ಲಿ ಅಡಿಗೆ ಕಾಲು ಇಂಚು ಹೆಚ್ಚೇ ಇರುತ್ತದೆ. ಅಭ್ಯಾಸಬಲದಿಂದ ಅದೇ ಸ್ಕೇಲ್ ತಂದಿದ್ದೆ. ಸತ್ತ ಆ ಜನರಿಗೆ ತಲಾ ಮೂರನೇ ಒಂದು ಇಂಚು ಧಾರಾಳವಾಗಿ ಕೊಟ್ಟಿದ್ದೆ.

ಮಗಳು ಬಂದಳು. ಅವಳ ಮೇಜಿನ ಸಾಧಾರಣ ಸ್ಕೇಲ್ ತರಿಸಿ ಮತ್ತೆ ಅಳೆದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಭುಜ ಎಷ್ಟಪ್ಪ?"

"ಹದಿನೈದು," ಎಂದೆ.

ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು. ಸುಳ್ಳು ಅಳತೆ ಹೇಳಿ ಗೊತ್ತಿಲ್ಲದ ನಾಲಿಗೆ. ಅದರ ಬಗ್ಗೆ ನನಗೆ ಹೆಮ್ಮೆಯೇನೂ ಇಲ್ಲ.

"ಸರಿಯಾಗಿ ಹಿಡಿಯುತ್ತೆ ಬಿಡು," ಎಂದಳು ಮಗಳು.

ಹಳೆಯ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಎಳೆದೆ. ಎಂಟು ಜಾಗ ಸೇರಿ ಸಾಲು ಎರಡೂವರೆ ಇಂಚಿಗಿಂತ ಹೆಚ್ಚು ಕಿರಿದಾಯಿತು. ಮಗಳು ಎಂಟೂ ಹುಡುಗಿಯರನ್ನು ಮಲಗಿಸಿ ನೋಡಿದಳು. ಮೊದಲು ಕಿಸಕಿಸ ಇತ್ತು, ಆಮೇಲೆ ನಿಂತಿತು. ಪಕ್ಕದವಳ ಮೊಣಕೈ ಸಿದ್ದಿ ಹುಡುಗಿಗೆ ತಾಗುತ್ತಿತ್ತು. ಇವಳು ಸರಿಯಲು ಎಡೆಯಿರಲಿಲ್ಲ. ಅವಳು ಸೂರನ್ನು ನೋಡುತ್ತಾ ಮಲಗಿದ್ದಳು. ನಾನು ಗೆರೆಯ ಆಚೆ ಕೈಯಲ್ಲಿ ಸರಿಯಾದ ಸ್ಕೇಲ್ ಹಿಡಿದು ನಿಂತಿದ್ದೆ. ಮಗಳಿಗೆ ಏನಾದರೂ ಹೇಳಬೇಕು, ಆದರೆ ಅವಳ ವಿದ್ಯಾರ್ಥಿನಿಯರ ಎದುರಿಗೆ ಹೇಗೆ ಎಂದು ತೋಚಲಿಲ್ಲ.

"ಮೇಡಂ," ಎಂದಳು ಹುಡುಗಿ, ಸೂರಿನಿಂದ ಕಣ್ಣು ತೆಗೆಯದೆ. "ಇದು ಗಂಡಸರ ಅಳತೆ ಅಲ್ವಾ? ತಾತ ಆಗ್ಲೇ ಓದಿ ಹೇಳಿದ್ರು."

"ಅದಕ್ಕೇನೀಗ?"

"ಹೆಂಗಸನ್ನ ಮಲಗಿಸಿದ್ರೆ ತಪ್ಪಾಗಲ್ವಾ? ಸ್ವಲ್ಪ ತಪ್ಪಿದ್ದಕ್ಕೇ ತಾತ ಎಲ್ಲ ಅಳಿಸಿ ಬರೆದ್ರು."

"ಒಳ್ಳೆ ಕತೆಯಾಯ್ತಲ್ಲ ಮಾರಾಯ್ತಿ! ಹೆಣ್ಮಕ್ಕಳ ಶಾಲೆಗೆ ಗಂಡಸನ್ನ ಎಲ್ಲಿಂದ ತರ್ಲಿ?"

ಎಂಟು ಮುಖಗಳೂ ನನ್ನತ್ತ ತಿರುಗಿದವು.

"ಅವಳು ಹೇಳೋದು ಸರಿ ಇದೆ," ಎಂದೆ. ಈ ಸಲ ಯೋಚಿಸಿಯೇ ಹೇಳಿದೆ.

ಅವಳು ಎದ್ದಳು. ಅವಳ ಜಾಗದಲ್ಲಿ ನಾನು ಮಲಗಿದೆ. ನನ್ನ ಭುಜ ಹದಿನೇಳೂವರೆ ಇಂಚು. ಬೆನ್ನು ಊರಲು ಆಗಲಿಲ್ಲ. ಒಂದು ಭುಜ ಎತ್ತಿ ಅಡ್ಡ ತಿರುಗಬೇಕಾಯಿತು. ತಣ್ಣನೆಯ ನೆಲ ಪಕ್ಕೆಗೆ ಒತ್ತಿತು. ಎರಡು ನಿಮಿಷದಲ್ಲಿ ತೋಳು ಮರಗಟ್ಟಿತು. ಹಡಗಿನಲ್ಲಿ ಇದು ಎರಡು ತಿಂಗಳು ಎಂದು ಎದುರಿನ ಚಾರ್ಟಿನಲ್ಲಿ ಬರೆದಿತ್ತು.

"ಸಾಕು ಏಳಪ್ಪ, ಬಿಪಿ ಇದೆ ನಿನಗೆ," ಎಂದಳು ಮಗಳು.

"ಏಳಂಗಿಲ್ಲ ಮೇಡಂ," ಎಂದಳು ಆ ಹುಡುಗಿ. "ತೀರ ಇನ್ನೂ ಬಂದಿಲ್ಲ."

ಹುಡುಗಿಯರು ಗೊಳ್ಳೆಂದು ನಕ್ಕರು. ಮಗಳು ನಗಲಿಲ್ಲ. ಸೋಮವಾರ ಮಲಗುವವರ ಪಟ್ಟಿಯನ್ನು ಕೈಗೆತ್ತಿಕೊಂಡು, ಆ ಹುಡುಗಿಯ ಹೆಸರು ಹೊಡೆದು ನನ್ನ ಹೆಸರು ಬರೆದಳು.

ಹುಡುಗಿಯರನ್ನು ಕಳಿಸಿ ಬಣ್ಣದ ಕೆಲಸಕ್ಕೆ ಕುಳಿತೆ. ಸಂಜೆ ಐದು ಗಂಟೆಗೆ ಎಂಟನೇ ಜಾಗದ ಕೊನೆಯ ಗೆರೆಗೆ ಬಿಳಿ ಬಣ್ಣ ಎಳೆದು ಮುಗಿಸಿ, ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಲು ಇಟ್ಟೆ.