ಕಿಕ್ಕಿರಿದ ತೊಟ್ಟಿಯ ಮೀನುಗಳು

ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಮೀನುಗಳಿಗೆ ಮೇವು ಹಾಕುತ್ತಿದ್ದ ಅವಳನ್ನು ಎಲ್ಲರೂ ಮೀನಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ಎರಡು ಗಾಜಿನ ತೊಟ್ಟಿಗಳಿದ್ದವು. ಒಂದರಲ್ಲಿ ಬೆರಳೆಣಿಕೆಯ ಮೀನು, ಇನ್ನೊಂದರಲ್ಲಿ ಮಗ್ಗುಲು ಬದಲಿಸಲೂ ಜಾಗವಿಲ್ಲದಷ್ಟು. ಮೇವು ಮಾತ್ರ ಎರಡಕ್ಕೂ ಒಂದೇ ಚಿಟಿಕೆ. ಇಕ್ಕಟ್ಟಿನಲ್ಲಿ ಬಾಳಿದರೆ ತಲೆಮಾರು ಉರುಳಿದಂತೆ ಮೀನಿನ ಮೈ ಏನಾಗುತ್ತದೆಂದು ವಿಜ್ಞಾನಿ ನೋಡುತ್ತಿದ್ದರು.

ಎರಡೇ ಕೋಣೆಯಲ್ಲಿ ಅತ್ತೆ, ಮೈದುನ, ವಾರಗಿತ್ತಿ, ಅವರ ಮಕ್ಕಳೊಡನೆ ಮೈ ಕುಗ್ಗಿಸಿಕೊಂಡು ಸಂಸಾರ ಮಾಡುತ್ತಿದ್ದ ಮೀನಕ್ಕನಿಗೆ ಆ ಕಿಕ್ಕಿರಿದ ತೊಟ್ಟಿಯ ಮೇಲೇ ಕರುಳು. ಅಲ್ಲೊಂದು ಹೆಣ್ಣುಮೀನು ಉಳಿದವಕ್ಕಿಂತ ಉದ್ದ ಬೆಳೆಯುತ್ತಿತ್ತು. ಸುತ್ತಲಿನ ಪುಟಾಣಿಗಳೆಲ್ಲ ಅವಸರವಸರವಾಗಿ ಮರಿ ಹಾಕಿದವು. ಇದಿನ್ನೂ ಬೆಳೆಯುತ್ತಲೇ ಇತ್ತು, ಹೊಟ್ಟೆಗೆ ಸಾಲದೆ ಸೊರಗಿತು.

"ಇನ್ನೊಂದು ಚಿಟಿಕೆ ಹಾಕ್ಲಾ ಸಾರ್?"

"ಹಾಕಿದ್ರೆ ಇಷ್ಟು ವರ್ಷದ ಕೆಲ್ಸ ನೀರುಪಾಲಾಗುತ್ತೆ."

ಅವಳು ಕೈ ಹಿಂದೆಗೆದಳು. ಮೀನು ಮರಿ ಹಾಕದೆಯೇ ಸತ್ತಿತು.

ಮೀನುಗಳ ಎಷ್ಟೋ ತಲೆಮಾರು ಉರುಳಿದ ಮೇಲೆ ಪ್ರಯೋಗ ಮುಗಿದು ಆ ನೆಲಮಾಳಿಗೆ ಸಭಾಂಗಣವಾಯಿತು. ಬೆರಳೆಣಿಕೆಯ ತೊಟ್ಟಿಯಲ್ಲಿ ಬೆಳೆದ ದೊಡ್ಡ ಮೀನುಗಳು ಬೇರೆ ಸಂಶೋಧನಾಲಯಕ್ಕೆ ಹೋದವು. ಕಿಕ್ಕಿರಿದ ತೊಟ್ಟಿಯ ಚಿಕ್ಕವನ್ನು ಚೆಲ್ಲಿಬಿಡಿ ಎಂದರು. ಮೀನಕ್ಕ ಬಕೆಟ್ಟಿನಲ್ಲಿ ಮನೆಗೆ ತಂದಳು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು, ಮೈದುನ ಬೇರೆ ಮನೆ ಮಾಡಿದ್ದ. ಗಂಡ ಹಿತ್ತಿಲಲ್ಲಿ ಮಂಚದಗಲದ ಸಿಮೆಂಟಿನ ತೊಟ್ಟಿ ಕಟ್ಟಿಕೊಟ್ಟ.

ಹೊಟ್ಟೆ ಬಿರಿಯ ಮೇವು ತಿಂದು ಮೀನುಗಳು ದಪ್ಪಗಾದವೇ ಹೊರತು ಉದ್ದವಾಗಲಿಲ್ಲ.

"ಇವಂತೂ ಹೋಗ್ಲಿ, ಮರಿಗಳು ಬೆಳೀತವೆ," ಎಂದಳು ಗಂಡನಿಗೆ.

ಮರಿಗಳೂ ಬೆರಳಿನ ಒಂದು ಗೆಣ್ಣಿನಷ್ಟಾಗಿ ನಿಂತವು. ಅವುಗಳ ಮರಿಗಳೂ ಅಷ್ಟೇ. ತಡೆಯಲಾರದೆ, ನಿವೃತ್ತರಾಗಿದ್ದ ವಿಜ್ಞಾನಿಗೆ ಫೋನ್ ಮಾಡಿದಳು. ಅವರ ದನಿಯಲ್ಲಿ ಹಿಗ್ಗು.

"ಹೌದಾ? ಹಾಗಾದ್ರೆ ನಾವು ಅಂದ್ಕೊಂಡಿದ್ದೇ ಸರಿ. ಬೇಗ ಮರಿ ಹಾಕಿದ ಚಿಕ್ಕವುಗಳ ವಂಶವೇ ಅಲ್ಲಿ ಉಳಿದದ್ದು. ಅವುಗಳ ರಕ್ತದಲ್ಲೇ ದೊಡ್ಡದಾಗೋ ಗುಣ ಕಮ್ಮಿ ಆಗಿದೆ. ಈಗ ಜಾಗ ಕೊಟ್ರೆ ಏನು ಬಂತು?"

"ಮೊದ್ಲೇ ತಂದಿದ್ರೆ?"

"ಆರಂಭದಲ್ಲೇ ತಂದಿದ್ರೆ ಬೆಳೀತಿದ್ವು."

ಅವಳು ಫೋನ್ ಇಟ್ಟಳು.

ಪಕ್ಕದ ಮನೆಯವಳು ತೊಟ್ಟಿಗೆ ಬಗ್ಗಿ, "ಎಷ್ಟು ಮುದ್ದಾಗಿವೆ ಮರಿಗಳು," ಎಂದಳು.

"ಮರಿಗಳಲ್ಲಮ್ಮ, ಅಜ್ಜಿಯಂದಿರು. ಬೇಕಾದ್ರೆ ತಗೊಂಡ್ಹೋಗು."

ಒಂದನ್ನೂ ಉಳಿಸಿಕೊಳ್ಳದೆ ಸೋಸಿ ಕೊಟ್ಟಳು. ಆ ತೊಟ್ಟಿಯಲ್ಲಿ ಈಗ ಬಟ್ಟೆ ನೆನೆಹಾಕುತ್ತಾಳೆ.