ಬೇಲಿಯ ಗೂಟಗಳು ಕಡಲಿಗೆ ಹೋದದ್ದು

ಚಿಕ್ಕಲಸಂದ್ರದ ಗೋವಿಂದಮ್ಮ ಗಿಡ ಮಾರೋಕೆ ಶುರು ಮಾಡಿದ್ದು ಹೊಲ ಕೈಬಿಟ್ಟ ಮೇಲೆ. ರಾಗಿ ಬೆಳೆಯುತ್ತಿದ್ದ ಎರಡೂವರೆ ಎಕರೆ ಲೇಔಟಿಗೆ ಹೋಗಿ ಸೈಟುಗಳಾಯಿತು. ಉಳಿದದ್ದು ಬಾವಿ ಪಕ್ಕದ ಹತ್ತು ಗುಂಟೆ. ಅಲ್ಲಿ ಅವಳು ಹಳೇ ಎಣ್ಣೆ ಡಬ್ಬಗಳಲ್ಲಿ ಸಸಿ ಎಬ್ಬಿಸಿದಳು. ಜಯನಗರ, ಬನಶಂಕರಿಯ ಹೊಸ ಮನೆಯವರು ಗೃಹಪ್ರವೇಶದ ಮಾರನೇ ದಿನವೇ ಗುಲಾಬಿ ಹುಡುಕಿಕೊಂಡು ಬರುತ್ತಿದ್ದರು. ಗೋವಿಂದಮ್ಮನಿಗೆ ಓದು ಬರಹ ಇರಲಿಲ್ಲ, ಆದರೆ ಎಲೆ ಮುಟ್ಟಿ ನೋಡಿ ಗಿಡದ ಸಂಕಟ ಹೇಳುತ್ತಿದ್ದಳು. ಹಟವೂ ಬೇಕಾದಷ್ಟಿತ್ತು.

ಗಂಡ ಬೈಲಪ್ಪನಿಗೆ ಈ ಡಬ್ಬಗಳನ್ನು ಕಂಡರಾಗದು. "ಶೀಟು ಹಾಕಿ ಐದು ಮನೆ ಬಾಡಿಗೆಗೆ ಬಿಡಾನ ಕಣೆ. ಕಾಲ್ಮೇಲೆ ಕಾಲ್ ಹಾಕ್ಕಂಡು ತಿನ್ಬೋದು" ಅನ್ನುವುದು ಅವನ ದಿನದ ಪಾಠ. ಊರಲ್ಲಿ ಎಲ್ಲರೂ ಮಾಡಿದ್ದು ಅದನ್ನೇ. ಅವನದೇನೂ ದುರಾಸೆಯಲ್ಲ, ಹೊಲ ಹೋದ ಮೇಲೆ ಮಣ್ಣಿನ ಮೇಲೆ ಅವನಿಗೆ ನಂಬಿಕೆಯೇ ಹೋಗಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ವೆಂಕಟಾಚಲ ಬಂದರು. ಜಯನಗರದ ನಿವೃತ್ತ ಇಂಜಿನಿಯರು. ಕುಮಟಾದ ಹತ್ತಿರ ಕಡಲ ದಂಡೆಯ ಮೇಲೆ ಒಂದು ಮನೆ ಕಟ್ಟಿಸಿದ್ದರು. ಅದರ ಮುಂದೆ ಎರಡು ವರ್ಷ ತೋಟ ಮಾಡಿಸಿದ್ದರು, ಎರಡು ವರ್ಷವೂ ಎಲ್ಲ ಸತ್ತುಹೋಗಿತ್ತು.

"ಸಮುದ್ರದ ನೆಲ ನೋಡಮ್ಮ, ಬರೀ ಉಪ್ಪು. ಎಲ್ಲಾ ನರ್ಸರಿಯೋರೂ ಆಗಲ್ಲ ಅಂತಾರೆ."

"ಆಗಲ್ಲ ಅನ್ನೋಕೆ ಅವರ್ಯಾರು ಸಾರ್? ನಾನು ಆರ್ಸಿ ಕೊಡ್ತೀನಿ" ಅಂದುಬಿಟ್ಟಳು ಗೋವಿಂದಮ್ಮ. ಸಮುದ್ರವನ್ನು ಅವಳು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದಳು.

ಬೈಲಪ್ಪ ಆ ಮಾತನ್ನೇ ಹಿಡಿದುಕೊಂಡ. "ಅಲ್ಲಿ ಗಿಡ ಉಳಿದ್ರೆ ನಿನ್ ನರ್ಸರಿ ಉಳೀತದೆ. ಸತ್ರೆ ಶೀಟು ಹಾಕೋದೇ. ಒಪ್ಗೆನಾ?"

"ಒಪ್ಗೆ" ಅಂದಳು.

ಮಾರನೇ ದಿನ ಅಂಗಡಿಯಿಂದ ಕಲ್ಲುಪ್ಪಿನ ಮೂಟೆ ತರಿಸಿ ಬಾನಿಯಲ್ಲಿ ಕದಡಿದಳು. ಒಂದೊಂದು ಜಾತಿಯ ನಾಲ್ಕು ಡಬ್ಬ ಎತ್ತಿಟ್ಟು, ಇಪ್ಪತ್ತು ದಿನ ಬೇರಿಗೆ ಉಪ್ಪುನೀರನ್ನೇ ಕುಡಿಸಿದಳು. ಸಾಕಿದ ಕೈಯಲ್ಲೇ ವಿಷ ಇಕ್ಕುತ್ತಿದ್ದೀನಲ್ಲ ಅಂತ ಗೊಣಗಿಕೊಂಡೇ ಹುಯ್ಯುತ್ತಿದ್ದಳು. ಗುಲಾಬಿ ವಾರಕ್ಕೇ ಬಾಡಿ ಜೋತುಬಿತ್ತು. ಕ್ರೋಟನ್ನು ಎಲೆ ಉದುರಿಸಿ ಬೋಳಾಯಿತು. ದಾಸವಾಳ, ನಂದಿಬಟ್ಟಲು, ಕಣಗಿಲೆ ಗೆದ್ದವು. ಆ ಮೂರನ್ನು ಮಳೆ ಹಿಡಿದಾಗ ಲಾರಿಗೆ ಹತ್ತಿಸಿದಳು. ಗಾಳಿಗೆ ಸಸಿ ಬೀಳಬಾರದಲ್ಲ, ಅದಕ್ಕೆ ಗಿಡಕ್ಕೊಂದು ಊರುಗೋಲು ಬೇಕಿತ್ತು. ನರ್ಸರಿಯ ಬೇಲಿಗೆ ನೆಟ್ಟಿದ್ದ ಹೂವರಸಿ ಮರಗಳ ಕೊಂಬೆ ಸವರಿ, ಗೂಟ ಮಾಡಿ ಅದೇ ಲಾರಿಗೆ ಎಸೆದಳು.

ಸಂಕ್ರಾಂತಿ ಕಳೆದ ಮೇಲೆ ವೆಂಕಟಾಚಲ ಬಂದು ನಿಂತರು. ಅವರ ಮುಖವೇ ಹೇಳಿತು. "ಮಳೆ ನಿಂತಿದ್ದೇ ತಡ, ಎಲ್ಲಾ ಸುಟ್ಟ ಹಾಗೆ ಒಣಗಿಹೋಯ್ತಮ್ಮ."

ಬೈಲಪ್ಪ ಹಂಗಿಸಲಿಲ್ಲ. ಎರಡೇ ದಿನದಲ್ಲಿ ಚಾವಣಿ ಶೀಟುಗಳನ್ನು ತರಿಸಿ ಬಾವಿ ಪಕ್ಕ ಒಟ್ಟಿದ. ಹಂಗಿಸಿದ್ದರೆ ಜಗಳವಾದರೂ ಆಡಬಹುದಿತ್ತು.

"ಕಣ್ಣಾರೆ ನೋಡೋಗಂಟ ನಾನು ಸೋತೆ ಅನ್ನಲ್ಲ" ಅಂದು ಗೋವಿಂದಮ್ಮ, ವೆಂಕಟಾಚಲ ದಂಪತಿಗಳ ಜೊತೆ ಕುಮಟಾದ ಬಸ್ಸು ಹತ್ತಿದಳು.

ಸಮುದ್ರ ಅಷ್ಟು ಗದ್ದಲ ಮಾಡುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಅದರ ಕಡೆ ಹೆಚ್ಚು ನೋಡದೆ ಗಿಡಗಳ ಹತ್ತಿರ ಹೋದಳು. ಒಂದೊಂದು ದಾಸವಾಳವೂ ಕಡಲಿಗೆ ಮುಖ ಮಾಡಿದ ಮಗ್ಗುಲಲ್ಲೇ ಕರಕಲಾಗಿತ್ತು, ನಂದಿಬಟ್ಟಲು ಒಣಗಿ ಕಡ್ಡಿಯಾಗಿತ್ತು. ಕಣಗಿಲೆಯಲ್ಲಿ ಮಾತ್ರ ಅರೆಜೀವ. ದಾಸವಾಳದ ಒಂದು ಎಲೆ ಕಿತ್ತು ನಾಲಿಗೆಗೆ ತಾಗಿಸಿದಳು. ಉಪ್ಪು.

"ಅಯ್ಯೋ ನನ್ ಬುದ್ಧಿಗಿಷ್ಟು! ಉಪ್ಪು ಗಾಳೀಲಿ ಬತ್ತದೆ ಸಾರ್, ನಾನು ಬೇರಿಗೆ ಉಣ್ಸಿ ಆರ್ಸಿದೀನಿ" ಅಂದು ಮರಳಿನ ಮೇಲೆ ಕುಸಿದಳು. ನಾಚಿಕೆಗೆ ತಲೆ ಎತ್ತಲಾಗಲಿಲ್ಲ. ಸೀರೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಏಳೋಣ ಅಂತ ಪಕ್ಕದ ಗೂಟ ಹಿಡಿದಾಗ ಕೈಗೆ ಎಳೇ ಎಲೆ ಸಿಕ್ಕಿತು.

ಗೂಟ ಚಿಗುರಿತ್ತು. ಅದೊಂದೇ ಅಲ್ಲ, ಸತ್ತ ಸಸಿಗಳ ಪಕ್ಕದಲ್ಲೆಲ್ಲ ಊರುಗೋಲುಗಳು ಬೇರು ಬಿಟ್ಟು, ಹೊಳೆಯುವ ಹಸಿರೆಲೆ ಹೊತ್ತು ನಿಂತಿದ್ದವು. ತುದಿಯ ಒಂದರಲ್ಲಿ ಹಳದಿ ಹೂವೂ ಇತ್ತು. ದಿನಾ ಬೆಳಗಾದರೆ ನೋಡುವ ಬೇಲಿ. ಅದೂ ಒಂದು ಗಿಡ ಅಂತ ಅವಳಿಗೆ ಹೊಳೆದೇ ಇರಲಿಲ್ಲ. ನಗು ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ.

"ಕಡಲಿನ ಕಡೆ ಇವು ಎರಡು ಸಾಲು. ಅದರ ಹಿಂದೆ ಕಣಗಿಲೆ. ಅದರ ಹಿಂದೆ ನಿಮ್ ದಾಸವಾಳ. ಮುಂದ್ಲೋವು ಗಾಳಿ ತಡೀಲಿ, ಹಿಂದ್ಲೋವು ಹೂ ಬಿಡ್ಲಿ" ಅಂದಳು ವೆಂಕಟಾಚಲರಿಗೆ.

ಊರಿಗೆ ಬಂದು ಗಂಡನ ಎದುರು ನಿಂತಳು. "ಒಂದು ಮಳೆಗಾಲ ಕೊಡು."

"ನೀನು ಆರ್ಸಿದ್ದು ಸತ್ತಿಲ್ವಾ?"

"ಸತ್ತವೆ. ಆರ್ಸ್ದೆ ಬಿಟ್ಟಿದ್ದು ಬದುಕಿ ನಿಂತದೆ. ಈ ಸಲ ಅದನ್ನೇ ಕಳಿಸ್ತೀನಿ."

ಬೈಲಪ್ಪ ಒಟ್ಟಿದ್ದ ಶೀಟುಗಳ ಮೇಲೆ ಹಳೇ ಗೋಣಿ ಹೊದಿಸಿ ಒಳಗೆ ಹೋದ.

ಎರಡು ಸಾಲಿಗೆ ಗೂಟ ಬೇಕಲ್ಲ! ಮೊದಲ ಮಳೆಗೆ ಅವಳು ಮಚ್ಚು ಹಿಡಿದು ತನ್ನ ಬೇಲಿಯನ್ನೇ ಮೊಳಕಾಲುದ್ದಕ್ಕೆ ಕಡಿದಳು. ಹೆಂಡತಿ ಜಾಗ ಖಾಲಿ ಮಾಡುತ್ತಿದ್ದಾಳೆ ಅಂತ ಬೈಲಪ್ಪನಿಗೆ ಒಂದು ಗಳಿಗೆ ಸಂತೋಷವೇ ಆಯಿತು. ದಾಸವಾಳ, ಕಣಗಿಲೆ ಸಸಿಗಳ ಜೊತೆ ಗೂಟದ ಕಂತೆಗಳೂ ಲಾರಿ ಹತ್ತಿದಾಗ ನಿಜ ಗೊತ್ತಾಯಿತು. ಅಲ್ಲಿಂದ ಊರ ಮೇಕೆಗಳಿಗೆ ನರ್ಸರಿ ಹಬ್ಬ. ಗೋವಿಂದಮ್ಮ ಹಗಲೆಲ್ಲ ಕೋಲು ಹಿಡಿದು ಕಾದಳು. ಅಷ್ಟಾದರೂ ಅರ್ಧ ಸಸಿ ಮೇಕೆಗಳ ಪಾಲಾಯಿತು.

ಮತ್ತೆ ಸಂಕ್ರಾಂತಿಯಾಯಿತು. ವೆಂಕಟಾಚಲ ಬಂದಾಗ ಅವಳು ಬಾವಿಯಲ್ಲಿ ನೀರು ಸೇದುತ್ತಿದ್ದಳು. ಬೈಲಪ್ಪನೇ ಎದುರು ಹೋದ. ಅವರು ಟಿಫಿನ್ ಡಬ್ಬಿ ತೆರೆದು, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಬಾಡಿದ ಕೆಂಪು ದಾಸವಾಳವನ್ನು ಅವನ ಅಂಗೈಗೆ ಇಟ್ಟರು.

"ಕುಮಟಾದ್ದು. ಎರಡು ಸಾಲೂ ನಿಂತಿವೆ ಕಣಪ್ಪ. ಅದರ ಮರೇಲಿ ಬಿಟ್ಟಿದ್ದು ಇದು."

ಗೋವಿಂದಮ್ಮ ಹಗ್ಗ ಹಿಡಿದ ಕೈ ಹಾಗೇ ನಿಲ್ಲಿಸಿ ಗಂಡನನ್ನೇ ನೋಡಿದಳು. ಬೈಲಪ್ಪ ಹೂವನ್ನು ತಿರುಗಿಸಿ ತಿರುಗಿಸಿ ನೋಡಿ, ತಂದು ಬಾವಿಕಟ್ಟೆಯ ಮೇಲಿಟ್ಟ. ಆಮೇಲೆ ಒಟ್ಟಿದ್ದ ಶೀಟುಗಳಲ್ಲಿ ಒಂದನ್ನು ಎಳೆದು, ತಲೆ ಮೇಲೆ ಹೊತ್ತು, ಬೇಲಿ ಬಾಯಿ ಬಿಟ್ಟಿದ್ದ ಕಡೆ ನೆಟ್ಟಗೆ ನಿಲ್ಲಿಸಿದ. ಮೊಳಕಾಲುದ್ದದ ಮೋಟುಗಳಲ್ಲಿ ಮೇಕೆ ಕಚ್ಚದೆ ಉಳಿದ ಚಿಗುರಿತ್ತು, ಅದು ಶೀಟಿನ ಒಳಗೆ ಬರುವಂತೆ ನೋಡಿಕೊಂಡ.

"ನೋಡ್ತಾ ನಿಂತ್ಕಂಡ್ರೆ? ಇನ್ನೊಂದು ಶೀಟು ಹಿಡಿ ಬಾ" ಅಂದ. "ಮೇಕೆ ನುಗ್ತಾವೆ."